ಹತ್ತು ನಿಮಿಷ ಬಾಯಿ ಬಿಡಬಾರದು

ನಮ್ಮ ಮನೆಯಲ್ಲಿ ಯಾವುದೂ ನನ್ನ ಹೆಸರಿನಲ್ಲಿರಲಿಲ್ಲ. ಹುಣಸೂರಿನ ಈ ಮನೆ ನಮ್ಮ ಯಜಮಾನರದು, ಹಳೇ ಕಾರೂ ಅವರದೇ. ಕರೆಂಟು ಬಿಲ್ಲಂತೂ ಇನ್ನೂ ನಮ್ಮ ಮಾವನವರ ಹೆಸರಿಗೇ ಬರುತ್ತದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಬಿಲ್ಲು ಕೊಡುವವನು ಮಾತ್ರ ಪ್ರತಿ ತಿಂಗಳೂ ಅವರ ಹೆಸರನ್ನೇ ಕೂಗುತ್ತಾನೆ. ನನ್ನ ಹೆಸರಿಗೆ ಅಂತ ಇದ್ದದ್ದು ಗ್ಯಾಸ್ ಪುಸ್ತಕ ಒಂದು, ಹೊಲಿಗೆ ಮಿಷನ್ನಿನ ಗ್ಯಾರಂಟಿ ಕಾರ್ಡು ಒಂದು. ಆ ಕಾರ್ಡಿನ ಅವಧಿಯೂ ಮುಗಿದಿತ್ತು.

ಹೀಗಿರುವಾಗ ತವರಿನ ಜಮೀನು ರಸ್ತೆಗೆ ಹೋಗಿ, ಬಂದ ಪರಿಹಾರದಲ್ಲಿ ನನ್ನ ಪಾಲಿನದು ಎಂದು ಅಣ್ಣಂದಿರು ಒಂದಿಷ್ಟು ದುಡ್ಡು ನನ್ನ ಖಾತೆಗೆ ಹಾಕಿದರು. ಮೂವತ್ತು ವರ್ಷ ರವಿಕೆ ಹೊಲಿದು ಕೂಡಿಟ್ಟದ್ದೂ ಸ್ವಲ್ಪ ಇತ್ತು. ಎರಡನ್ನೂ ಸೇರಿಸಿ ಒಂದು ಪುಟ್ಟ ಮನೆಯನ್ನೋ ಅಂಗಡಿ ಮಳಿಗೆಯನ್ನೋ ಕೊಂಡು ಬಾಡಿಗೆಗೆ ಕೊಡಬೇಕು, ಕಾಗದದಲ್ಲಿ ನನ್ನ ಹೆಸರಿರಬೇಕು ಅಂತ ಆಸೆ ಹುಟ್ಟಿತು. ಆಸೆಯ ಹಿಂದೆಯೇ ಹೆದರಿಕೆಯೂ ಬಂತು. ರವಿಕೆ ಬಟ್ಟೆ ಒಂದು ಗೇಣು ಕಮ್ಮಿ ಇದ್ದರೆ ದೂರದಿಂದಲೇ ಹೇಳಬಲ್ಲೆ. ಮನೆ, ಸೈಟು, ಪಹಣಿ, ಖಾತೆ ಇವೆಲ್ಲ ನನಗೆ ಕತ್ತಲೆ. ಒಂದು ಸಲ ಮೋಸ ಹೋದರೆ ಮತ್ತೆ ಮೂವತ್ತು ವರ್ಷ ಹೊಲಿಯಲು ಕಣ್ಣು ಉಳಿದಿಲ್ಲ.

ಆ ವೇಳೆಗೆ ಸರಿಯಾಗಿ ನಮ್ಮ ಊರಿನ ಹೋಟೆಲೊಂದರ ಮಹಡಿಯಲ್ಲಿ ಸಭೆ ಏರ್ಪಾಡಾಯಿತು. ಆಸ್ತಿಯಲ್ಲಿ ಹಣ ಹೂಡುವುದು ಹೇಗೆಂದು ಮೈಸೂರಿನವರೊಬ್ಬರು ಬಂದು ಬಿಟ್ಟಿಯಾಗಿ ಹೇಳಿಕೊಡುತ್ತಾರೆ, ಟೀ ಬಿಸ್ಕತ್ತು ಉಂಟು ಎಂದು ಮೊಬೈಲಿಗೆ ಬಂದಿತ್ತು. ಕೆ.ಆರ್. ನಗರದಿಂದ ನಮ್ಮಕ್ಕ ಬಂದು ನಮ್ಮಲ್ಲೇ ಉಳಿದಿದ್ದಳು. ಇಬ್ಬರೂ ಹೋದೆವು.

ಅವರು ಒಳ್ಳೆ ಮನುಷ್ಯರ ಹಾಗೇ ಕಂಡರು. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ತಮ್ಮನ್ನು ಮೆಂಟರ್ ಎಂದು ಕರೆದುಕೊಂಡರು. ಮೆಂಟರ್‌ಶಿಪ್ ಅಂದರೆ ಹೊಸಬರನ್ನು ಮೂರು ತಿಂಗಳು ಕೈ ಹಿಡಿದು ನಡೆಸುವುದು, ಹನ್ನೆರಡು ಭಾನುವಾರ ಫೋನಿನಲ್ಲಿ ಪಾಠ, ಮಧ್ಯೆ ಯಾವಾಗ ಬೇಕಾದರೂ ಪ್ರಶ್ನೆ ಕೇಳಬಹುದು ಎಂದು ವಿವರಿಸಿದರು. ಶುಲ್ಕ ಮೂವತ್ತೈದು ಸಾವಿರ.

ಅಕ್ಕ ನನ್ನ ಕಿವಿಯಲ್ಲಿ, ಅಂದರೆ ಇಡೀ ಹಾಲಿಗೆ ಕೇಳುವಂತೆ ಹೇಳಿದಳು: "ಕೈ ಇಡ್ಕಳಕ್ಕೆ ಮೂವತ್ತೈದು ಸಾವ್ರನೇನೇ? ಭಾವ ಬರೀ ಒಂದು ಉಂಗುರುಕ್ಕೆ ಇಡ್ಕಂಡ್ರಲ್ಲೇ ನಿನ್ ಕೈಯ!"

ಜನ ನಕ್ಕರು. ಮೆಂಟರೂ ನಕ್ಕರು. ಆಮೇಲೆ ಅವರು ಹೇಳಿದ ಮಾತು ನನಗೆ ಹಿಡಿಸಿತು. "ಈಗಲೇ ದುಡ್ಡು ಕೊಡಬೇಡಿ ಅಮ್ಮಾ. ಒಂದು ವಾರ ಟೈಮ್ ತಗೊಳ್ಳಿ. ಮೂರು ಆಸ್ತಿ ನೋಡ್ಕೊಂಡು ಬನ್ನಿ. ನಾನು ಕೊಡೋ ಫಾರಂ ತುಂಬಿ. ನಿಮ್ಮ ಕೈಲೇ ಆಗುತ್ತೆ ಅನ್ನಿಸಿದ್ರೆ ನನ್ನ ಹತ್ತಿರ ಬರಲೇಬೇಡಿ. ಆಗಲ್ಲ ಅನ್ನಿಸಿದ್ರೆ ಭಾನುವಾರ ಸಂಜೆ ಆರು ಗಂಟೆಗೆ ಫೋನ್ ಮಾಡಿ."

ಫಾರಮ್ಮಿನ ಹಿಂದೆ ಮೂರು ನಿಯಮ ಅಚ್ಚಾಗಿದ್ದವು. ಮಾರುವವರ ಮನೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು; ತಿಂದರೆ ಬೆಲೆ ಕೇಳುವಾಗ ದಾಕ್ಷಿಣ್ಯ ಬರುತ್ತದೆ. ಹೋದ ಮೊದಲ ಹತ್ತು ನಿಮಿಷ ಬಂದ ವಿಷಯ ಎತ್ತಲೇಬಾರದು; ಸುಮ್ಮನೆ ನೋಡಬೇಕು, ಅವರಾಗಿ ಮಾತಾಡಿದರೆ ಒಳಗಿನದೆಲ್ಲ ಹೊರಗೆ ಬರುತ್ತದೆ. ಮೂರನೆಯದು, ಇಷ್ಟವಾದದ್ದು ಮುಖದಲ್ಲಿ ಕಾಣಬಾರದು.

ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಯಾವ ಕಾಗದ ಕೊಟ್ಟರೂ ಎರಡು ಸಲ ಓದುತ್ತಾರೆ. ಓದಿ ಕನ್ನಡಕ ತೆಗೆದರು. "ಮೊದ್ಲನೇದು ನನ್ ಕೈಲಿ ಆಗಲ್ಲ. ಎರಡನೇದು ಅತ್ತಿಗೆ ಕೈಲಿ ಆಗಲ್ಲ. ಮೂರನೇದು ನಿನ್ ಕೈಲಿ ಆಗಲ್ಲ. ಮೂರೂ ಜನ ಒಟ್ಟಿಗೆ ಓಗಿ ಒಬ್ಬರನ್ನೊಬ್ಬರು ಕಾಯ್ಕೋಬೇಕು."

ಅಕ್ಕ ಬಿಡುತ್ತಾಳೆಯೇ. "ನನ್ ಬಾಯಿ ಬಗ್ಗೆ ಮಾತಾಡಬ್ಯಾಡಿ ಭಾವ. ಬೇಕು ಅಂದ್ರೆ ಅರ್ಧ ದಿನ ಮುಚ್ಕಂಡಿರ್ತೀನಿ."

"ಅದನ್ನ ನೋಡಕ್ಕಾದ್ರೂ ಬತ್ತೀನಿ ಬುಡಿ" ಎಂದು ಅವರು ಕಾರಿಗೆ ಗಾಳಿ ಹೊಡೆಸಲು ಹೋದರು.

ಬುಧವಾರ ಬಿಳಿಕೆರೆಗೆ ಹೋದೆವು. ಹೆದ್ದಾರಿಯ ಅಂಗಡಿಗಳ ಹಿಂದೆ ಒಂದು ಸೈಟು, ನೀವೇ ನೋಡಿಕೊಳ್ಳಿ ಎಂದು ದಲ್ಲಾಳಿ ಫೋನಿನಲ್ಲಿ ಗುರುತು ಹೇಳಿದ್ದ. ಮಾಲೀಕರು ಯಾರೂ ಇರಲಿಲ್ಲ. ಸೊಂಟದೆತ್ತರ ಪಾರ್ಥೇನಿಯಂ ಗಿಡ ಇತ್ತು. ಆದರೂ ನಿಯಮ ನಿಯಮವೇ ಎಂದು ಮೂವರೂ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಾ ಅಡ್ಡಾಡಿದೆವು. ಕುರಿ ಮೇಯಿಸುವ ಮುದುಕರೊಬ್ಬರು ಸ್ವಲ್ಪ ಹೊತ್ತು ನಮ್ಮನ್ನು ನೋಡಿ ಹತ್ತಿರ ಬಂದರು.

"ಏನ್ ಕಳ್ಕಂಡ್ರಮ್ಮಾ?"

ನಾನು ಅಕ್ಕನ ಮುಖ ನೋಡಿದೆ. ಅಕ್ಕ ತುಟಿಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಿದ್ದಳು. ಯಜಮಾನರು ಗಡಿಯಾರ ನೋಡಿಕೊಂಡರು. ಆರು ನಿಮಿಷ ಆಗಿತ್ತು.

"ಕಿವಿ ವಾಲೆಯಾ?" ಎಂದರು ಮುದುಕರು. ನಾವು ಮಾತಾಡದಿದ್ದುದನ್ನು ಕಂಡು, ಪಾಪ, ದುಃಖಕ್ಕೆ ಮಾತೇ ಹೊರಡುತ್ತಿಲ್ಲ ಅಂದುಕೊಂಡಿರಬೇಕು. ಕೋಲಿನಿಂದ ಗಿಡ ಸರಿಸುತ್ತಾ ಅವರೂ ಹುಡುಕತೊಡಗಿದರು. ದಾರಿಯಲ್ಲಿ ಹೋಗುತ್ತಿದ್ದವರನ್ನೂ ಕೂಗಿ ಕರೆದರು. ಹತ್ತು ನಿಮಿಷ ಮುಗಿದು ನಾನು ನಿಜ ಹೇಳುವ ಹೊತ್ತಿಗೆ ಐದು ಜನ ಬಗ್ಗಿಕೊಂಡು ಹುಡುಕುತ್ತಿದ್ದರು, ಅದರಲ್ಲೊಬ್ಬರಿಗೆ ಒಂದು ರೂಪಾಯಿ ನಾಣ್ಯವೂ ಸಿಕ್ಕಿತ್ತು.

"ಸೈಟು ನೋಡಕ್ಕೆ ಬಂದಿದ್ದಾ? ಮೊದ್ಲೇ ಯೋಳ್ಬಾರ್ದಾ ತಾಯಿ! ನನ್ ಸೊಂಟ ಓಯ್ತು" ಎಂದು ಮುದುಕರು ಬೆನ್ನು ನೆಟ್ಟಗೆ ಮಾಡಿಕೊಂಡರು. ಮತ್ತೆ ಯಾವುದನ್ನೂ ಕೇಳುವ ಮುಖ ನಮಗಿರಲಿಲ್ಲ. ಫಾರಮ್ಮಿನಲ್ಲಿ 'ಮಾರುವವರ ಅವಸರ ಎಷ್ಟು, ಹತ್ತಕ್ಕೆ ಅಂಕ ಕೊಡಿ' ಎಂಬ ಕಾಲಂ ಇತ್ತು. ಯಜಮಾನರು ಐದು ಎಂದು ಬರೆದರು. ಅವರು ಏನೂ ಗೊತ್ತಿಲ್ಲದಿದ್ದಾಗ ಐದು ಕೊಡುವವರು.

ಶುಕ್ರವಾರ ಪಿರಿಯಾಪಟ್ಟಣ. ನನ್ನ ಮಗಳನ್ನು ಕೊಟ್ಟಿರುವ ಊರು, ಆದ್ದರಿಂದ ಮಗಳ ಮನೆಯಲ್ಲಿ ಊಟ ಮಾಡಿಕೊಂಡು ಹೊರಟೆವು. ಹೊಟ್ಟೆ ತುಂಬಿದ್ದರೆ ಮೊದಲನೇ ನಿಯಮ ಸುಲಭ. ಒಂದು ಸಣ್ಣ ಮನೆ, ಮಾಲೀಕರು ನಮ್ಮ ವಯಸ್ಸಿನವರೇ. ಬಾಗಿಲು ತೆಗೆದು, ಕುರ್ಚಿ ತೋರಿಸಿ ಎದುರಿಗೆ ಕೂತರು. ನಾವು ಮಾತಾಡಲಿಲ್ಲ. ಅವರೂ ಮಾತಾಡಲಿಲ್ಲ. ಅವರು ನಮ್ಮನ್ನು ನೋಡಿದರು, ನಾವು ಫ್ಯಾನು ನೋಡಿದೆವು. ಹಲ್ಲಿಯೊಂದು ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗಿ, ಏನೋ ಮರೆತಂತೆ ವಾಪಸು ಬಂತು. ಹತ್ತು ನಿಮಿಷ ಕಳೆದರೂ ಯಾರು ಶುರು ಮಾಡುವುದೆಂದು ತಿಳಿಯದೆ ಹಾಗೇ ಕೂತಿದ್ದೆವು. ಸಾವಿನ ಮನೆಯಲ್ಲೂ ಅಷ್ಟು ಹೊತ್ತು ಯಾರೂ ಸುಮ್ಮನಿರುವುದಿಲ್ಲ. ಕೊನೆಗೆ ಅಕ್ಕನಿಗೆ ಕೆಮ್ಮು ಬಂತು.

"ನೀವೂ ಆ ಮೈಸೂರಿನವರ ಕ್ಲಾಸಿಗೆ ಓಗಿದ್ರಾ?" ಎಂದರು ಮಾಲೀಕರು.

ವಿಚಾರಿಸಿದರೆ ಅವರು ಅದೇ ಮೆಂಟರ್ ಮೊಬೈಲಿನಲ್ಲಿ ಹಾಕುವ ವಿಡಿಯೋ ನೋಡುವವರು. ಅದರಲ್ಲಿ ಮಾರುವವರಿಗೂ ಒಂದು ಪಾಠ ಇದೆಯಂತೆ: ಕೊಳ್ಳುವವರೇ ಮೊದಲು ಬಾಯಿ ಬಿಡಲಿ, ಅಲ್ಲಿಯವರೆಗೆ ತಾವು ಬಿಡಬಾರದು. ಎಲ್ಲರೂ ನಕ್ಕೆವು. ಆದರೆ ಅವರು ಹೇಳಿದ ಬೆಲೆ ಕೇಳಿ ನಮ್ಮ ನಗು ನಿಂತಿತು. ಅವಸರದ ಕಾಲಮ್ಮಿಗೆ ಐದು.

ಶನಿವಾರವೆಲ್ಲ ನಾನು ಮಿಷನ್ನಿನ ಮುಂದೆ ಕೂತು ಯೋಚಿಸಿದೆ. ಎರಡು ಕಡೆ ಹೋಗಿ ಬಂದರೂ ತಲೆಗೆ ಏನೂ ಹತ್ತಿರಲಿಲ್ಲ. ನನಗೆ ಬರುವುದಿಲ್ಲ, ಹೇಳಿಕೊಡುವವರು ಬೇಕೇ ಬೇಕು ಅನ್ನಿಸತೊಡಗಿತು. ಮೂವತ್ತೈದು ಸಾವಿರ ಉಳಿಸಲು ಹೋಗಿ ಲಕ್ಷಗಟ್ಟಲೆ ಕಳೆದುಕೊಂಡರೆ? ಹಾಗಂತ ಕೊಟ್ಟ ಮೇಲೆ ಫೋನಿನ ಪಾಠ ನನ್ನ ತಲೆಗೆ ಹೋಗದಿದ್ದರೆ? ಯೋಚನೆಯಲ್ಲಿ ಯಾರದೋ ರವಿಕೆಗೆ ಎರಡು ಎಡತೋಳು ಹೊಲಿದುಬಿಟ್ಟೆ. ಬಿಚ್ಚುತ್ತಾ ತೀರ್ಮಾನ ಮಾಡಿದೆ: ನಾಳೆ ಕೊನೆಯದನ್ನು ನೋಡುವುದು, ಅಲ್ಲೂ ಕೈಸಾಗದಿದ್ದರೆ ಸಂಜೆ ದುಡ್ಡು ಕೊಡುವುದು.

ಕೊನೆಯದು ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದಲ್ಲಿತ್ತು. ರಸ್ತೆ ಕಡೆಗೆ ಒಂದು ಮಳಿಗೆ, ಅದಕ್ಕೆ ಅಂಟಿಕೊಂಡು ಹಂಚಿನ ಮನೆ. ಎರಡೂ ಸೇರಿ ನನ್ನ ದುಡ್ಡಿಗೆ ಸರಿಹೋಗುವ ಬೆಲೆ ಎಂದು ದಲ್ಲಾಳಿ ಹೇಳಿದ್ದ. ಭಾನುವಾರ ಹತ್ತು ಗಂಟೆಗೆ ಬನ್ನಿ, ಮಾಲೀಕರಿಗೆ ತಿಳಿಸಿರುತ್ತೇನೆ ಎಂದಿದ್ದ. ಕೊಳ್ಳುವವರು ಕೊಳ್ಳುವವರ ಹಾಗೆ ಕಾಣಬೇಕೆಂದು ನಾನು ರೇಷ್ಮೆ ಸೀರೆ ಉಟ್ಟೆ. ಯಜಮಾನರು ಬಿಳೀ ಪಂಚೆ, ಬಿಳೀ ಅಂಗಿ. ಅಕ್ಕ ಕೋಟೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ ಒಂದು ಚಿಪ್ಪು ರಸಬಾಳೆ, ಎರಡು ಮೊಳ ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ ತಂದಳು.

"ಇದೆಲ್ಲ ಯಾಕಕ್ಕಾ? ನಾವು ವ್ಯಾಪಾರಕ್ಕೆ ಹೋಗ್ತಿರೋದು" ಎಂದೆ.

"ತಿನ್ನಬ್ಯಾಡ ಅಂತ ಬರ್ದವ್ರೆ, ಕೊಡಬ್ಯಾಡ ಅಂತ ಬರ್ದವ್ರಾ? ಬರಿಗೈಲಿ ಒಬ್ಬರ ಮನೆ ವಸ್ಲು ತುಳಿಯೋದು ನಮ್ಮವ್ವ ಕಲಿಸಿಲ್ಲ ಕಣೆ."

ಹಂಪಾಪುರದ ಆ ಮನೆಯ ಜಗಲಿಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಾರಿನಿಂದ ಇಳಿದ ನಮ್ಮ ಮೂವರನ್ನು ನೋಡಿದರು. ನನ್ನ ಸೀರೆ ನೋಡಿದರು. ಅಕ್ಕನ ಕೈಯಲ್ಲಿದ್ದ ಹಣ್ಣು, ಹೂವು, ಎಲೆ ನೋಡಿದರು.

"ಎಲ್ಲಿಂದ ಬಂದ್ರವ್ವಾ?"

"ಹುಣಸೂರಿಂದ" ಎಂದೆ. ಊರು ಹೇಳಬಾರದೆಂದು ನಿಯಮದಲ್ಲಿ ಇರಲಿಲ್ಲ.

ಅಜ್ಜಿಯ ಮುಖ ಅರಳಿತು. ಮೊರ ಪಕ್ಕಕ್ಕಿಟ್ಟು ಎದ್ದೇ ನಿಂತರು. "ಬನ್ನಿ ಬನ್ನಿ, ಒಳೀಕೆ ಬನ್ನಿ. ನನ್ ಮಗ ಮೋಟ್ರು ಆನ್ ಮಾಡಕ್ಕೆ ಒಲ್ತಕೆ ಓಗವ್ನೆ, ಬತ್ತಾನೆ." ಒಳಗೆ ತಿರುಗಿ ಕೂಗಿದರು: "ಮಗಾ, ಬಂದವ್ರೆ ಕಣೆ! ತಲೆ ಬಾಚ್ಕ! ಒಲೆ ಮ್ಯಾಗೆ ರವೆ ಮಡಗು!"

ಮನೆ ತೋರಿಸಲು ತಲೆ ಯಾಕೆ ಬಾಚಬೇಕು ಎಂದು ನನಗೆ ಅನ್ನಿಸಿತು. ಆದರೆ ಹತ್ತು ನಿಮಿಷ ಬಾಯಿ ಬಿಡಬಾರದು.

ಒಳಗೆ ಚಾಪೆಯ ಮೇಲೆ ಕೂತೆವು. ಯಜಮಾನರು ಮಾತ್ರ ಕೂರಲಿಲ್ಲ. ಗೋಡೆಯನ್ನು ಬೆರಳಿನಿಂದ ತಟ್ಟಿದರು. ತೊಲೆಗಳನ್ನು ಎಣಿಸಿದರು. ಆಮೇಲೆ ಬಾಗಿಲಿನಿಂದ ಹಿತ್ತಲ ಗೋಡೆಯವರೆಗೆ ಒಂದೊಂದೇ ಹೆಜ್ಜೆ ಇಟ್ಟು ಉದ್ದ ಅಳೆಯತೊಡಗಿದರು.

"ಅದ್ಯಾಕವ್ವಾ ಯಜಮಾನ್ರು ಕೂರ್ದೆ ಅಂಗೆ ಎಜ್ಜೆ ಆಕ್ತಾವ್ರೆ?" ಎಂದು ಅಜ್ಜಿ ಕೇಳಿದರು.

ವಿಷಯ ಎತ್ತುವ ಹಾಗಿಲ್ಲ. ಅಕ್ಕ ಥಟ್ಟನೆ ಹೇಳಿದಳು: "ಅವ್ರಿಗೆ ಸಕ್ರೆ ಕಾಯ್ಲೆ ಅಜ್ಜಿ. ನಡೀತಾನೇ ಇರ್ಬೇಕು ಅಂತ ಡಾಕ್ಟ್ರು ಯೋಳವ್ರೆ."

ಯಜಮಾನರಿಗೆ ಯಾವ ಕಾಯಿಲೆಯೂ ಇಲ್ಲ. ಆ ಹೊತ್ತಿನಲ್ಲಿ ಒಳಗಿನಿಂದ ತುಪ್ಪದಲ್ಲಿ ದ್ರಾಕ್ಷಿ ಹುರಿಯುವ ವಾಸನೆ ಬಂತು. ಅವರು ಅಕ್ಕನ ಕಡೆ ನೋಡಿದ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಜ್ಜಿ ನನ್ನ ಪಕ್ಕ ಬಂದು ಕೂತು ಶುರು ಮಾಡಿದರು. ಮೊಮ್ಮಗಳು ಟೀಚರ್ ಟ್ರೈನಿಂಗ್ ಮುಗಿಸಿದ್ದಾಳೆ, ಕೋಟೆಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ, ತಾಯಿಯಿಲ್ಲದ ಮಗು, ತಾವೇ ಸಾಕಿದ್ದು, ಮುದ್ದೆ ಕಟ್ಟಿದರೆ ಗೆರೆ ಕಾಣುವುದಿಲ್ಲ, ಸಿಟ್ಟು ಸ್ವಲ್ಪ ಜಾಸ್ತಿ ಆದರೆ ಊಟದ ಹೊತ್ತಿಗೆ ಇಳಿದುಹೋಗುತ್ತದೆ. ನಾಲ್ಕನೇ ನಿಮಿಷಕ್ಕೋ ಐದನೇ ನಿಮಿಷಕ್ಕೋ ನನಗೆ ಹೊಳೆಯಿತು. ಭಾನುವಾರ ಬೆಳಗ್ಗೆ, ರೇಷ್ಮೆ ಸೀರೆ, ಹಣ್ಣು, ಹೂವು, ವೀಳ್ಯದೆಲೆ, ಬಂದ ಕೆಲಸ ಹೇಳದೆ ಬಿಗಿದುಕೊಂಡು ಕೂತ ಮೂವರು ಹಿರಿಯರು. ಗಂಡಿನ ಕಡೆಯವರು ಹೀಗಲ್ಲದೆ ಇನ್ನು ಹೇಗೆ ಇರುತ್ತಾರೆ! ಅಕ್ಕನ ತೊಡೆ ಚಿವುಟಿದೆ. ಅವಳಿಗೂ ಹೊಳೆದಿತ್ತು, ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಜ್ಜಿ ಅದನ್ನೂ ನಾಚಿಕೆ, ಮರ್ಯಾದೆ ಅಂದುಕೊಂಡು ಮೆಚ್ಚಿದರು.

ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಹುಡುಗಿ ತಟ್ಟೆ ಹಿಡಿದು ಬಂದಳು. ಎಣ್ಣೆ ಹಚ್ಚಿದ ತಲೆಯನ್ನು ಹಾಗೇ ಎಳೆದು ಜಡೆ ಹಾಕಿದ್ದಳು. ಅವಸರದಲ್ಲಿ ಉಟ್ಟ ಸೀರೆಯ ಕೆಳಗೆ ನೈಟಿಯ ಅಂಚು ಇಣುಕುತ್ತಿತ್ತು. ಮುಖ ನೋಡಿದರೆ ತಟ್ಟೆಯನ್ನು ಯಾರ ತಲೆಯ ಮೇಲೆ ಹಾಕಲಿ ಎಂದು ಆರಿಸುತ್ತಿದ್ದ ಹಾಗಿತ್ತು. ನನಗೂ ಅಕ್ಕನಿಗೂ ಉಪ್ಪಿಟ್ಟು, ಕೇಸರಿಬಾತು, ಕಾಫಿ. ಯಜಮಾನರಿಗೆ ಉಪ್ಪಿಟ್ಟು, ಸಕ್ಕರೆಯಿಲ್ಲದ ಕಾಫಿ.

"ತಗಳಿ, ತಿನ್ನಿ" ಎಂದರು ಅಜ್ಜಿ. ಮೊದಲನೇ ನಿಯಮ ಅಲ್ಲಿಗೆ ಮುಗಿಯಿತು. ಅವರೆಕಾಳಿನ ಉಪ್ಪಿಟ್ಟು, ಬಿಸಿ ಆರಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟ ತಕ್ಷಣ ನನ್ನ ಮುಖದಲ್ಲಿ ಮೂರನೆಯದೂ ಮುರಿದಿರಬೇಕು.

ಅಷ್ಟರಲ್ಲಿ ಅಜ್ಜಿಯ ಮಗ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದರು. ನಮ್ಮನ್ನು ನೋಡಿ ನಮಸ್ಕಾರ ಮಾಡಿದರು. ತಟ್ಟೆಗಳನ್ನು ನೋಡಿದರು. ಸೀರೆ ಉಟ್ಟ ಮಗಳನ್ನು ನೋಡಿದರು. ಅವರ ಮುಖದ ಬಣ್ಣ ಇಳಿಯಿತು.

"ಅವ್ವಾ, ಇವ್ರು..." ಎಂದವರು ತಾಯಿಯ ಅರಳಿದ ಮುಖ ನೋಡಿ ಮಾತು ತಿರುಗಿಸಿದರು. "ಇವ್ರು ಉಣಸೂರ್ನೋರು."

"ಅದು ನಂಗೂ ಗೊತ್ತು ಕಣ್ಲಾ. ಕಾಲ್ ತೊಳ್ಕೊಂಡ್ ಬಾ."

ಅವರು ಕಣ್ಣಿನಲ್ಲೇ ಯಜಮಾನರನ್ನು ಹಿತ್ತಲಿಗೆ ಕರೆದರು. ಎರಡು ನಿಮಿಷದಲ್ಲಿ ಯಜಮಾನರು ವಾಪಸು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮನೆ ಅಜ್ಜಿ ಎಸ್ರಲ್ಲೈತಂತೆ. ಮಾರೋ ಇಸ್ಯ ಅವ್ರಿಗೆ ಇನ್ನೂ ಯೋಳಿಲ್ವಂತೆ. ಇನ್ನರ್ಧ ಗಂಟೆ ಎಣ್ಣು ನೋಡೋರ ತರಾನೇ ಇರಿ, ಆಮೇಲೆ ಕಾಗ್ದ ತೋರಿಸ್ತೀನಿ, ರೇಟು ಇನ್ನೂ ಇಳಿಸ್ತೀನಿ ಅಂತಾವ್ರೆ. ಅವ್ವಂಗೆ ನಿಧಾನಕ್ಕೆ ಯೋಳಿ ಎಬ್ಬೆಟ್ ಆಕಿಸ್ತಾರಂತೆ."

ಬೆಲೆ ಇನ್ನೂ ಇಳಿಯುತ್ತದೆ! ಮಾರುವವರ ಅವಸರ ಹತ್ತಕ್ಕೆ ಹತ್ತು. ಮೆಂಟರ್ ಇದ್ದಿದ್ದರೆ ಎದ್ದು ಕೈ ಕುಲುಕುತ್ತಿದ್ದರು. ನಾನು ಮಾಡಬೇಕಾದದ್ದು ಇಷ್ಟೇ, ಇನ್ನರ್ಧ ಗಂಟೆ ಕೇಸರಿಬಾತು ತಿನ್ನುತ್ತಾ ಸುಮ್ಮನಿರುವುದು. ನಿಜ ಹೇಳುತ್ತೇನೆ, ಎರಡು ತುತ್ತು ತಿನ್ನುವಷ್ಟು ಹೊತ್ತು ಸುಮ್ಮನಿದ್ದೆ ಕೂಡ.

ಆಗ ಅಜ್ಜಿ ಅಕ್ಕ ತಂದ ಮಲ್ಲಿಗೆಯನ್ನು ಮೊಮ್ಮಗಳ ಜಡೆಗೆ ಮುಡಿಸುತ್ತಾ ಕೇಳಿದರು: "ಉಡ್ಗ ಏನ್ ಮಾಡ್ತಾನವ್ವಾ?"

ನನಗಿರುವುದು ಒಬ್ಬಳೇ ಮಗಳು. ಅಕ್ಕನಿಗೂ ಇಬ್ಬರು ಹೆಣ್ಣುಮಕ್ಕಳೇ. ಇಲ್ಲದ ಹುಡುಗನಿಗೆ ನಾನು ಯಾವ ಕೆಲಸ ಕೊಡಲಿ? ಅಕ್ಕ "ಉಡ್ಗ..." ಎಂದು ಬಾಯಿ ತೆರೆದಳು. ಅವಳು ಶುರು ಮಾಡಿದರೆ ಹುಡುಗನಿಗೆ ಸರ್ಕಾರಿ ಕೆಲಸ, ಎರಡು ಎಕರೆ ನೀರಾವರಿ ಎಲ್ಲ ಬಂದುಬಿಡುತ್ತಿತ್ತು. ನಾನು ತಟ್ಟೆ ಕೆಳಗಿಟ್ಟೆ.

"ಅಜ್ಜಿ, ತಪ್ಪು ತಿಳೀಬೇಡಿ. ಹುಡುಗ ಇಲ್ಲ. ನಾವು ಹೆಣ್ಣು ನೋಡೋಕೆ ಬಂದಿಲ್ಲ. ಮನೆ ಕೊಂಡ್ಕೊಳ್ಳೋಕೆ ಬಂದಿದ್ದು."

"ಯಾವ ಮನೆ?"

ಮಗ ತೊಲೆ ನೋಡತೊಡಗಿದರು.

"ಈ ಮನೆ" ಎಂದೆ.

ಅಜ್ಜಿ ನನ್ನನ್ನು ಬೈಯಲಿಲ್ಲ. ನಿಧಾನವಾಗಿ ಮಗನ ಕಡೆ ತಿರುಗಿದರು. "ಲೇ, ಈ ಮನೆ ಯಾರೆಸ್ರಲ್ಲೈತ್ಲಾ?"

"ನಿನ್ನೆಸ್ರಲ್ಲೇ ಅವ್ವಾ."

"ನಾನ್ ಸತ್ತೋಗಿದ್ದೀನೇನ್ಲಾ?"

"ಬುಡ್ತು ಅನ್ನವ್ವಾ!"

"ಮತ್ತೆ ಸೈನು ಯಾರ್ ಆಕ್ತಿದ್ರು? ಕೊಟ್ಗೇಲಿರೋ ಎಮ್ಮೆನಾ?"

"ಇವಳ ಮದ್ವೆಗೆ ಅಂತ ಅವ್ವಾ..."

"ನಾನ್ ಕೇಳಿದ್ನಾ ನಿನ್ನ, ಮದ್ವೆ ಮಾಡು ಅಂತ?" ಎಂದು ಹುಡುಗಿ ಅಲ್ಲಿಯವರೆಗೆ ತಡೆದಿದ್ದ ಬಾಯಿ ತೆರೆದಳು. "ಅಂದ್ರೆ ನೀವ್ಯಾರೂ ನನ್ನ ನೋಡಕ್ಕೆ ಬಂದಿಲ್ಲ ಅಲ್ವಾ? ನಿಜವಾಗ್ಲೂ?" ಇಲ್ಲ ಎಂದೆವು. ಅವಳು ಜೋರಾಗಿ ನಕ್ಕು ಒಳಗೆ ಹೋದಳು. ಮರುಕ್ಷಣ ಸೀರೆ ಬಿಚ್ಚೆಸೆದು, ನೈಟಿಯಲ್ಲೇ ಬಂದು, ಯಜಮಾನರ ಪಾಲಿನ ಕೇಸರಿಬಾತನ್ನು ತಟ್ಟೆಗೆ ಹಾಕಿಕೊಂಡು ನಮ್ಮ ಜೊತೆಯೇ ಕೂತಳು.

ಎದ್ದು ಹೊರಡೋಣ ಎಂದುಕೊಂಡೆ. ಅಜ್ಜಿ ನನ್ನ ಕೈ ಹಿಡಿದು ಕೂರಿಸಿದರು. "ನಿನ್ನೆಸ್ರಿಗೆ ತಗತೀಯೇನವ್ವಾ, ನಿನ್ ಗಂಡನ ಎಸ್ರಿಗಾ?"

"ನನ್ನ ಹೆಸರಿಗೆ ಅಜ್ಜಿ. ನನ್ನದೇ ದುಡ್ಡು."

ಅಜ್ಜಿ ನನ್ನನ್ನು ಇನ್ನೊಂದು ಸಲ ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ತಮ್ಮ ಕಥೆ ಹೇಳಿದರು. ಈ ಜಾಗ ಅವರು ಎಮ್ಮೆ ಹಾಲು ಮಾರಿ ಕೊಂಡದ್ದು. ಗಂಡ ಬದುಕಿದ್ದಾಗಲೇ, ತಮ್ಮ ಹೆಸರಿಗೆ. ಮುಂಗಡ ಕೊಡುವ ಮೊದಲು ಜಾಗದ ನಾಲ್ಕು ಕಡೆಯ ನೆರೆಯವರನ್ನು ಮನೆಗೆ ಕರೆಸಿದರಂತೆ. ಕಾಫಿ ಕೊಟ್ಟು, ಎಲೆಯಡಿಕೆ ಕೊಟ್ಟು, ನಾಲ್ವರನ್ನೂ ಎದುರುಬದುರು ಕೂರಿಸಿ ಕೇಳಿದರಂತೆ, ನಾನು ಈ ಜಾಗ ತಗೊಳ್ಳುತ್ತಿದ್ದೇನೆ, ಯಾರದಾದರೂ ತಕರಾರು ಉಂಟಾ?

"ಬಡಗ್ಲವ್ನು ನೀರ್ ಅರ್ಯೋ ದಾರಿ ತನ್ದು ಅಂದ. ಸರಿ ಬುಡು, ಅದು ನಿಂದೇ ಅಂದೆ. ಮೂಡ್ಲವ್ಳು, ಮಾರೋವ್ನಿಗೆ ಪಿರಿಯಾಪಟ್ಣದಲ್ಲಿ ತಂಗಿ ಒಬ್ಳವ್ಳೆ ಅಂದ್ಲು. ಲಾಯ್ರಿಗೂ ಕಾಗ್ದ ತೋರ್ಸಿದ್ದೆ ಕಣವ್ವಾ, ಎಲ್ಲಾ ಸರಿಯಾಗೈತೆ ಅಂದಿದ್ದ. ತಂಗಿ ಇಸ್ಯ ಅವ್ನಿಗೆ ಯಾರ್ ಯೋಳಿದ್ರು? ಬಸ್ ಅತ್ತಿ ಓಗಿ ಅವ್ಳನ್ನ ಕರ್ಕಂಡ್ ಬಂದು ಎಬ್ಬೆಟ್ ಆಕಿಸ್ದೆ. ಆಮೇಲೆ ದುಡ್ ಕೊಟ್ಟೆ."

ನಾನು ಫಾರಂ ತಿರುಗಿಸಿ ಹಿಂದಿನ ನಿಯಮಗಳ ಪಕ್ಕದಲ್ಲೇ ಬರೆದುಕೊಂಡೆ: ನಾಲ್ಕು ದಿಕ್ಕು, ಕಾಫಿ, ಒಟ್ಟಿಗೆ ಕೂರಿಸುವುದು. ಲಾಯರೂ ಬೇಕು. ಬರೆಯುವಾಗ ಮೆಂಟರ್, ಮೂವತ್ತೈದು ಸಾವಿರ, ಸಂಜೆ ಆರು ಗಂಟೆ ಎಲ್ಲವನ್ನೂ ಅಜ್ಜಿಗೆ ಹೇಳಿದೆ.

"ಮೂವತ್ತೈದು ಸಾವ್ರ ಅಂದ್ರೆ ಎಷ್ಟು ಎಮ್ಮೆ ಆಯ್ತದೆ ಈಗ?"

"ಅರ್ಧ ಎಮ್ಮೆ ಅಜ್ಜಿ" ಎಂದರು ಯಜಮಾನರು, ಕಹಿ ಕಾಫಿ ಹೀರುತ್ತಾ.

"ಅರ್ಧ ಎಮ್ಮೆ ಇಡ್ಕಂಡು ಏನಪ್ಪಾ ಮಾಡೋದು? ಕರೆಯಕ್ಕಾಯ್ತದಾ?" ಎಂದು ಅಜ್ಜಿ ಯೋಚಿಸಿದರು. ಆಮೇಲೆ ನನ್ನ ಕಡೆ ಬಗ್ಗಿ, ಮೊಮ್ಮಗಳಿಗೆ ಕೇಳಿಸದಂತೆ, "ಆ ಮೇಷ್ಟ್ರು ಗಂಡೂ ಉಡುಕ್ಕೊಡ್ತಾರಾ ಕೇಳು" ಎಂದರು.

ಮಧ್ಯಾಹ್ನ ಅಜ್ಜಿ ಊಟ ಮಾಡಿಸದೆ ಬಿಡಲಿಲ್ಲ. ಮುದ್ದೆ, 'ಗೆರೆ ಕಾಣದ' ಮುದ್ದೆಯೇ, ಮೇಲೆ ಅವರೆಕಾಳಿನ ಸಾರು.

ಸಂಜೆ ಆರಕ್ಕೆ ನಾನೇ ಫೋನು ಮಾಡಿದೆ. ಅಕ್ಕ, ಯಜಮಾನರು ಎರಡೂ ಕಡೆ ಕಿವಿ ಹಚ್ಚಿ ಕೂತಿದ್ದರು.

"ಹೇಗಾಯ್ತಮ್ಮಾ? ನಿಯಮ ಪಾಲಿಸಿದ್ರಾ?" ಎಂದರು ಮೆಂಟರ್.

"ಎರಡನೇದನ್ನ ಪಾಲಿಸಿದ್ವಿ ಸಾರ್. ಅದಕ್ಕೇ ಇಷ್ಟೆಲ್ಲ ಆಗಿದ್ದು" ಎಂದು ಬಿಳಿಕೆರೆಯಿಂದ ಹಂಪಾಪುರದವರೆಗೆ ಹೇಳಿದೆ. ಅವರು ನಕ್ಕೂ ನಕ್ಕೂ ಕೆಮ್ಮಿದರು. ನಾನು ಅಜ್ಜಿಯ ನಾಲ್ಕು ದಿಕ್ಕಿನ ವಿಷಯ ಕೇಳಿದೆ, ಅದು ನಿಮ್ಮ ಹನ್ನೆರಡು ಪಾಠದಲ್ಲಿ ಬರುತ್ತದೆಯೇ ಎಂದು.

"ಇಲ್ಲಮ್ಮಾ" ಎಂದು ಒಪ್ಪಿಕೊಂಡರು. "ಕಾಗದಪತ್ರ ನೋಡೋದು ಬರುತ್ತೆ, ಬೆಲೆ ಲೆಕ್ಕ ಬರುತ್ತೆ, ಸಾಲ ಮಾಡೋದು ಬರುತ್ತೆ. ನೆರೆಯವರಿಗೆ ಕಾಫಿ ಕೊಡೋದು ಬರಲ್ಲ."

ಅವರು ಹೇಳಿಕೊಡುವುದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ಮೈಸೂರಿನ ದೊಡ್ಡ ಬಡಾವಣೆಯಲ್ಲಿ ಅದು ನಡೆಯುತ್ತದೇನೋ. ನಮ್ಮ ಕಡೆ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂತರೆ ಮದುವೆಯೇ ಆಗಿಹೋಗುತ್ತದೆ. ನನಗೆ ಬೇಕಾದದ್ದು ಒಂದೇ ಒಂದು ಮಳಿಗೆ. ಕಾಗದ ಓದಲು ಊರಿನಲ್ಲೇ ಲಾಯರಿದ್ದಾರೆ, ಜನರನ್ನು ಕೇಳಲು ನನಗೇ ಬಾಯಿದೆ.

"ಸಾರ್, ನಾನು ಸೇರಲ್ಲ" ಎಂದೆ.

"ಆಗಲಿ ಅಮ್ಮಾ, ನಾನೇ ಹೇಳಿದ್ದೆನಲ್ಲ. ಒಂದು ಮಾತು, ಈ ಹೆಣ್ಣು ನೋಡೋ ಕಥೆ ನನ್ನ ಮುಂದಿನ ಸಭೆಯಲ್ಲಿ ಹೇಳಬಹುದಾ?"

ನಾನು ಉತ್ತರ ಕೊಡುವ ಮೊದಲೇ ಅಕ್ಕ ಫೋನು ಕಿತ್ತುಕೊಂಡಳು. "ಯೋಳಿ ಸಾರ್. ಮೂವತ್ತೈದು ಸಾವ್ರ ಆಯ್ತದೆ. ಒಂದ್ ವಾರ ಟೈಮ್ ತಗಳಿ, ಅವಸ್ರ ಇಲ್ಲ."

ಹಂಪಾಪುರದ ಮನೆ ನಾನು ಕೊಳ್ಳಲಿಲ್ಲ, ಅಜ್ಜಿ ಮಾರಲಿಲ್ಲ. ಆರೇಳು ತಿಂಗಳು ಕಳೆದ ಮೇಲೆ ಬಿಳಿಕೆರೆಯಲ್ಲೇ ಹೆದ್ದಾರಿಯ ಪಕ್ಕ ಒಂದು ಮಳಿಗೆ ಸಿಕ್ಕಿತು. ಈ ಸಲ ಕಾರಿನಿಂದ ಇಳಿಯುತ್ತಲೇ ಕೊಳ್ಳಲು ಬಂದಿದ್ದೇನೆ ಎಂದು ಕೂಗಿ ಹೇಳಿದೆ. ಮಾಲೀಕರು ಒಪ್ಪಿದ ಮೇಲೆ, ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಒಯ್ದು ನೆರೆಯವರನ್ನು ಮಳಿಗೆಯಲ್ಲೇ ಕೂರಿಸಿದೆ. ತೆಂಕಲಿಗೆ ಟೀ ಅಂಗಡಿಯವರು, ಬಡಗಲಿಗೆ ಸೈಕಲ್ ಶಾಪಿನವರು, ಹಿಂದೆ ಹುಲ್ಲಿನ ಬಣವೆ ಹಾಕಿದ್ದ ಗೌಡರು. ಮುಂದಕ್ಕೆ ಹೆದ್ದಾರಿ. ಅದನ್ನು ಕಾಫಿಗೆ ಹೇಗೆ ಕರೆಯುವುದೆಂದು ಚರ್ಚೆಯಾಯಿತು.

"ರಸ್ತೆ ಪಾಲಿನ ಲೋಟ ನಾನೇ ಕುಡೀತೀನಿ ತತ್ತಾ" ಎಂದಳು ಅಕ್ಕ.

ತಮಾಷೆ ಆಡುತ್ತಿದ್ದಂತೆ ಸೈಕಲ್ ಶಾಪಿನವರು ಗಂಭೀರವಾದರು. "ರಸ್ತೆಗೂ ಒಂದು ಮಾತೈತೆ ಕಣಕ್ಕಾ. ಅಗಲ ಮಾಡಕ್ಕೆ ಕಲ್ಲು ನೆಟ್ಟು ಓಗವ್ರೆ. ನಿಮ್ ಮಳಿಗೆ ಮೆಟ್ಲು ಅದ್ರೊಳಗೆ ಬತ್ತದೆ." ಗಿಡ ಸರಿಸಿ ಕಲ್ಲು ತೋರಿಸಿದರು. ಯಜಮಾನರು ಹೆಜ್ಜೆ ಹಾಕಿ ಅಳೆದರು. ಮಾಲೀಕರು ತಲೆ ಕೆರೆದುಕೊಂಡು ಅಷ್ಟು ಜಾಗದ ಬೆಲೆ ಬಿಟ್ಟರು. ಕಾಗದಗಳನ್ನು ಲಾಯರು ಓದಿ ಸರಿ ಅಂದರು, ಅವರಿಗೆ ಫೀಸೂ ಕೊಟ್ಟೆ.

ರಿಜಿಸ್ಟ್ರೇಷನ್ ದಿನ ಹುಣಸೂರಿನ ನೋಂದಣಿ ಕಚೇರಿಯಲ್ಲಿ ಜನವೋ ಜನ. ನಮ್ಮ ಸರದಿ ಬಂದಾಗ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು "ಕೊಳ್ಳೋರು ಬಂದು ಕ್ಯಾಮರಾ ಮುಂದೆ ಕೂತ್ಕೊಳ್ಳಿ" ಎಂದಳು. ಯಜಮಾನರು ಅಭ್ಯಾಸಬಲದಿಂದ ಹೋಗಿ ಕೂತು, ತಲೆ ಬಾಚಿಕೊಂಡು, ಕ್ಯಾಮರಾ ನೋಡಿ ಸಣ್ಣಗೆ ನಕ್ಕರು.

"ಸಾರ್, ಕೊಳ್ಳೋರು ನೀವಲ್ಲ."

"ಓ" ಎಂದು ಎದ್ದರು. ಎದ್ದವರು ಕರ್ಚೀಫು ತೆಗೆದು ಕುರ್ಚಿ ಒರೆಸಿದರು. ನಾನು ಕೂತೆ. ಹೆಬ್ಬೆರಳು ಒತ್ತಿದೆ.

"ಹೆಸರು ಹೇಳಿ ಮೇಡಂ."

ಹೇಳಿದೆ. ಗಂಡನ ಹೆಸರು, ಊರು ಏನೂ ಸೇರಿಸದೆ, ಬರೀ ನನ್ನ ಹೆಸರು. ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡಿದರು.

"ಇಷ್ಟು ಜೋರಾಗಿ ಬೇಡ ಮೇಡಂ" ಎಂದಳು ಆಕೆ, "ಟೈಪ್ ಮಾಡ್ಕೊಳ್ಳೋಕೆ ಅಷ್ಟೇ."